ಮೂರು ತಿಂಗಳ ಸಕ್ಕರೆ ರಿಪೋರ್ಟ್ ಎಲ್ಲರಿಗೂ ಒಂದೇ ಅರ್ಥ ಹೇಳುವುದಿಲ್ಲ



ನಮ್ಮ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳಲ್ಲಿ ಸಕ್ಕರೆ ಕಾಯಿಲೆಯ ಮಾತಿಲ್ಲದ ಅರ್ಜಿ ಅಪರೂಪ. ಒಬ್ಬರು ಕಾಲಿನ ಹುಣ್ಣಿನ ಚಿಕಿತ್ಸೆಗೆ ಕೇಳುತ್ತಾರೆ, ಇನ್ನೊಬ್ಬರು ಕಣ್ಣಿನ ಲೇಸರ್‌ಗೆ, ಮತ್ತೊಬ್ಬರು ಡಯಾಲಿಸಿಸ್‌ಗೆ. ಮೂಲ ಹುಡುಕಿದರೆ ಹೆಚ್ಚಿನವು ಹತ್ತಾರು ವರ್ಷ ಹತೋಟಿಗೆ ಬಾರದ ಸಕ್ಕರೆಗೇ ಹೋಗಿ ಮುಟ್ಟುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ.

ನಾನು ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಸಮಿತಿಗೆ ಬರುವ ಅರ್ಜಿಗಳ ಜೊತೆಗಿನ ಲ್ಯಾಬ್ ರಿಪೋರ್ಟುಗಳನ್ನು ಓದಿ ವಿವರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಕೆಲಸದಲ್ಲಿ ಕಂಡ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ. ಸಿಕಲ್ ಸೆಲ್ ಎಂಬ ಗುಣವನ್ನು ರಕ್ತದಲ್ಲಿ ಹೊತ್ತವರಿಗೆ 'ಮೂರು ತಿಂಗಳ ಸಕ್ಕರೆ' ಪರೀಕ್ಷೆ ನಿಜಕ್ಕಿಂತ ಕಡಿಮೆ ಅಂಕಿ ತೋರಿಸಬಹುದು. ರಿಪೋರ್ಟ್ ಚೆನ್ನಾಗಿದೆ ಎಂದು ನಿಶ್ಚಿಂತರಾಗಿರುವಾಗಲೇ ಒಳಗೆ ಕಣ್ಣು, ಮೂತ್ರಪಿಂಡ, ನರಗಳಿಗೆ ಪೆಟ್ಟು ಬೀಳುತ್ತಿರಬಹುದು.

ಆ ಪರೀಕ್ಷೆ ಏನನ್ನು ಅಳೆಯುತ್ತದೆ?

ಡಾಕ್ಟರು ಬರೆದುಕೊಡುವ 'ಎಚ್‌ಬಿಎ1ಸಿ' ಪರೀಕ್ಷೆಯನ್ನೇ ನಾವು ಮೂರು ತಿಂಗಳ ಸಕ್ಕರೆ ಎನ್ನುತ್ತೇವೆ. ಅದು ನೇರವಾಗಿ ಸಕ್ಕರೆಯನ್ನು ಅಳೆಯುವುದಿಲ್ಲ. ಕೆಂಪು ರಕ್ತಕಣದೊಳಗೆ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಇದೆ. ರಕ್ತದಲ್ಲಿ ಓಡಾಡುವ ಸಕ್ಕರೆ ಅದಕ್ಕೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ನೂರು ಪಾಲು ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಹೀಗೆ ಸಕ್ಕರೆ ಅಂಟಿದೆ ಎಂಬುದೇ ರಿಪೋರ್ಟಿನ ಅಂಕಿ. ಸಕ್ಕರೆ ಕಾಯಿಲೆಯವರಲ್ಲಿ ಈ ಅಂಟಿದ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು 1960ರ ದಶಕದ ಕೊನೆಯಲ್ಲಿ ಗುರುತಿಸಿದವರು ಇರಾನಿನ ವಿಜ್ಞಾನಿ ಸ್ಯಾಮ್ಯುಯೆಲ್ ರಹಬರ್.

ರಸ್ತೆ ಬದಿಯ ಮನೆಯಲ್ಲಿ ಒಗೆದ ಬಿಳಿ ಪಂಚೆಯನ್ನು ಹೊರಗೆ ಹರವಿದ್ದೀರಿ ಎಂದುಕೊಳ್ಳಿ. ಅದರ ಮೇಲೆ ಎಷ್ಟು ಧೂಳು ಕೂತಿದೆ ಎಂದು ನೋಡಿ ಆ ರಸ್ತೆಯಲ್ಲಿ ಎಷ್ಟು ಧೂಳು ಏಳುತ್ತದೆ ಎಂದು ಹೇಳಬಹುದು. ಆದರೆ ಪಂಚೆ ಎಷ್ಟು ದಿನ ಹೊರಗಿತ್ತು ಎಂಬುದು ಗೊತ್ತಿರಬೇಕು. ಧೂಳನ್ನು ಅಳೆಯುವ ಕಣ್ಣೂ ಸರಿಯಾಗಿರಬೇಕು. ಕೆಂಪು ಕಣ ಸಾಮಾನ್ಯವಾಗಿ ಸುಮಾರು 120 ದಿನ ಬದುಕುತ್ತದೆ. ಈ ಲೆಕ್ಕ ಹಿಡಿದೇ ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಅಂಕಿ 6 ಇದ್ದರೆ ಸರಾಸರಿ ಸಕ್ಕರೆ ಸುಮಾರು 126 ಮಿಲಿಗ್ರಾಂ. 7 ಇದ್ದರೆ 154, 8 ಇದ್ದರೆ 183, 9 ಇದ್ದರೆ 212. 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಕ್ಕರೆ ಕಾಯಿಲೆ, 5.7ರಿಂದ 6.4ರವರೆಗೆ ಹೊಸ್ತಿಲು ಎಂದು ಡಾಕ್ಟರುಗಳು ಓದುತ್ತಾರೆ.

ಇದು ಒಳ್ಳೆಯ ಪರೀಕ್ಷೆ. ಉಪವಾಸ ಬೇಕಿಲ್ಲ, ಹಿಂದಿನ ದಿನ ಪಥ್ಯ ಮಾಡಿ ಅಂಕಿ ಇಳಿಸಲು ಆಗುವುದಿಲ್ಲ. ಆದರೆ ಇಡೀ ಲೆಕ್ಕ ಹಿಮೋಗ್ಲೋಬಿನ್ ಸಾಮಾನ್ಯವಾಗಿದೆ, ಕೆಂಪು ಕಣದ ಆಯುಸ್ಸೂ ಸಾಮಾನ್ಯವಾಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ.

ಸಿಕಲ್ ಸೆಲ್ ವಾಹಕರು ಎಂದರೆ ಯಾರು?

ಹಿಮೋಗ್ಲೋಬಿನ್ ತಯಾರಾಗುವ ಸೂಚನೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಬೀಟಾ ಸರಪಳಿ ಎಂಬ ಭಾಗದಲ್ಲಿ ಆರನೆಯ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಅದು 'ಎಸ್' ಹಿಮೋಗ್ಲೋಬಿನ್ ಆಗುತ್ತದೆ. ಎರಡೂ ಕಡೆಯಿಂದ ಎಸ್ ಬಂದರೆ ಕಣಗಳು ಕುಡುಗೋಲಿನಂತೆ ಬಾಗಿ, ಬೇಗ ಒಡೆದು, ತೀವ್ರ ನೋವು ಮತ್ತು ರಕ್ತಹೀನತೆ ತರುತ್ತವೆ. ಅದು ಸಿಕಲ್ ಸೆಲ್ ಕಾಯಿಲೆ. ಒಂದೇ ಕಡೆಯಿಂದ ಬಂದರೆ ಅವರು ವಾಹಕರು. ಅವರ ಹಿಮೋಗ್ಲೋಬಿನ್‌ನಲ್ಲಿ ಸಾಮಾನ್ಯವಾಗಿ ನೂರಕ್ಕೆ 35ರಿಂದ 40 ಪಾಲು ಎಸ್, ಉಳಿದದ್ದರಲ್ಲಿ ಬಹುಪಾಲು ಮಾಮೂಲಿ. ಅವರು ನಮ್ಮ ನಿಮ್ಮಂತೆಯೇ ದುಡಿಯುತ್ತಾರೆ, ಮಕ್ಕಳನ್ನು ಸಾಕುತ್ತಾರೆ. ಹೆಚ್ಚಿನವರಿಗೆ ತಾವು ವಾಹಕರೆಂಬುದು ಜೀವನಪೂರ್ತಿ ತಿಳಿಯುವುದೇ ಇಲ್ಲ. ಇದು ಅಂಟುವ ರೋಗವಲ್ಲ, ಯಾರ ತಪ್ಪೂ ಅಲ್ಲ. ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಕೊಡುತ್ತಿದ್ದುದರಿಂದ ಮಲೇರಿಯಾ ಹೆಚ್ಚಿದ್ದ ಕಾಡು-ಬೆಟ್ಟಗಳ ಸೀಮೆಯಲ್ಲಿ ಈ ಗುಣ ತಲೆಮಾರುಗಳಿಂದ ಉಳಿದುಬಂದಿದೆ.

ಭಾರತದಲ್ಲಿ ಇದನ್ನು ಮೊದಲು ದಾಖಲಿಸಿದ್ದು 1952ರಲ್ಲಿ, ನೀಲಗಿರಿಯ ಬೆಟ್ಟದ ಜನರಲ್ಲಿ. ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಕಡೆಯ ಸೋಲಿಗರು ಮತ್ತು ಜೇನು ಕುರುಬರಲ್ಲಿ ಇದು ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಈ ಕಾಯಿಲೆಯ ಬಗ್ಗೆಯೂ ಕೆಲಸ ಮಾಡಿದೆ. ನಾವಿರುವ ತೆಲಂಗಾಣದಲ್ಲಿ ಆದಿಲಾಬಾದ್, ಆಸಿಫಾಬಾದ್ ಕಡೆಯ ಗೊಂಡ, ಕೋಲಾಂ ಜನರಲ್ಲಿ ಕಾಣುತ್ತದೆ. ಹಾಗೆಂದು ಬುಡಕಟ್ಟಿನವರಿಗೆ ಮಾತ್ರ ಎಂದು ತಿಳಿಯಬಾರದು. ವಿದರ್ಭ, ಛತ್ತೀಸಗಡ, ಒಡಿಶಾ ಸೀಮೆಯ ಇತರ ಹಲವು ಸಮುದಾಯಗಳಲ್ಲೂ ಇದೆ. ಹೈದರಾಬಾದಿನಂಥ ಊರಿಗೆ ಈ ಎಲ್ಲ ಕಡೆಯಿಂದಲೂ ಜನ ದುಡಿಯಲು ಬರುತ್ತಾರೆ, ಇಲ್ಲೇ ಮದುವೆಯಾಗುತ್ತಾರೆ, ಇಲ್ಲೇ ವಯಸ್ಸಾಗಿ ಸಕ್ಕರೆ ಕಾಯಿಲೆಯನ್ನೂ ಪಡೆಯುತ್ತಾರೆ.

ಅಂಕಿ ತಪ್ಪುವುದು ಹೇಗೆ?

ಮೊದಲನೆಯದು ಲ್ಯಾಬಿನ ವಿಧಾನ. ಸಕ್ಕರೆ ಅಂಟುವುದು ಬೀಟಾ ಸರಪಳಿಯ ಮೊದಲ ಜಾಗಕ್ಕೆ. ಎಸ್ ಹಿಮೋಗ್ಲೋಬಿನ್‌ನಲ್ಲಿ ಬದಲಾವಣೆ ಇರುವುದು ಆರನೆಯ ಜಾಗದಲ್ಲಿ. ಎರಡೂ ಅಕ್ಕಪಕ್ಕದ ಮನೆಗಳಿದ್ದಂತೆ. ಕೆಲವು ವಿಧಾನಗಳು ಆ ತುದಿಯ ಆಕಾರವನ್ನು ಗುರುತು ಹಿಡಿದು ಎಣಿಸುತ್ತವೆ. ಪಕ್ಕದ ಮನೆ ಬದಲಾಗಿದ್ದರೆ ಅವುಗಳಿಗೆ ಗುರುತು ತಪ್ಪಬಹುದು. ವಿದ್ಯುದಾವೇಶದ ಮೇಲೆ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಗಳಲ್ಲಿ ಎಸ್ ಭಾಗ ಬೇರೆ ಗುಡ್ಡವಾಗಿ ಗ್ರಾಫಿನಲ್ಲಿ ಕಾಣುತ್ತದೆ. ಒಳ್ಳೆಯ ಲ್ಯಾಬಿನವರು ಅದನ್ನು ನೋಡಿ 'ಅಸಾಮಾನ್ಯ ಹಿಮೋಗ್ಲೋಬಿನ್ ಇರಬಹುದು' ಎಂದು ಷರಾ ಬರೆಯುತ್ತಾರೆ. ಬೋರೋನೇಟ್ ಅಫಿನಿಟಿ ಎಂಬ ವಿಧಾನ ಅಂಟಿದ ಸಕ್ಕರೆಯನ್ನೇ ಹಿಡಿಯುವುದರಿಂದ ವಾಹಕರ ಎಸ್ ಅದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ. ಯಾವ ಯಂತ್ರಕ್ಕೆ ಎಸ್ ಅಡ್ಡಬರುತ್ತದೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿಯನ್ನು ಅಮೆರಿಕದ ಎನ್‌ಜಿಎಸ್‌ಪಿ ಎಂಬ ಮಾನದಂಡ ಸಂಸ್ಥೆ ಇಟ್ಟಿದೆ. ಲ್ಯಾಬಿನ ಮುಖ್ಯಸ್ಥರಿಗೆ ಅದು ತಿಳಿದಿರುತ್ತದೆ.

ಎರಡನೆಯದು, ವಿಧಾನ ಸರಿಯಿದ್ದರೂ ಉಳಿಯುವ ವ್ಯತ್ಯಾಸ. 2017ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ 'ಜಾಮಾ'ದಲ್ಲಿ 4,620 ಆಫ್ರಿಕನ್ ಮೂಲದ ಅಮೆರಿಕನ್ನರ ಅಧ್ಯಯನವೊಂದು ಬಂತು. ಅವರಲ್ಲಿ 367 ಜನ ಸಿಕಲ್ ಸೆಲ್ ವಾಹಕರು. ರಕ್ತದ ಸಕ್ಕರೆ ಒಂದೇ ಮಟ್ಟದಲ್ಲಿದ್ದಾಗಲೂ ವಾಹಕರ ಎಚ್‌ಬಿಎ1ಸಿ ಉಳಿದವರಿಗಿಂತ ಸರಾಸರಿ 0.3ರಷ್ಟು ಕಡಿಮೆ ಬಂದಿತ್ತು. 0.3 ಸಣ್ಣದೆನಿಸಬಹುದು. ಆದರೆ 6.6 ಬರಬೇಕಾದದ್ದು 6.3 ಬಂದರೆ 'ಕಾಯಿಲೆ' ಎನ್ನುವ ಬದಲು 'ಇನ್ನೂ ಹೊಸ್ತಿಲು' ಎಂಬ ಮಾತು ಕೇಳಿಬರುತ್ತದೆ. ಚಿಕಿತ್ಸೆ ಒಂದೆರಡು ವರ್ಷ ಮುಂದೆ ಹೋಗುತ್ತದೆ.

ಮೂರನೆಯದು, ವಾಹಕರಲ್ಲದೆ ಸಿಕಲ್ ಸೆಲ್ ಕಾಯಿಲೆಯೇ ಇರುವವರ ಸಂಗತಿ. ಅವರ ಕೆಂಪು ಕಣ 120 ದಿನ ಇರಲಿ, ಹತ್ತಿಪ್ಪತ್ತು ದಿನ ಬದುಕಿದರೆ ಹೆಚ್ಚು. ಪಂಚೆ ಹರವಿದ ಮಾರನೆಯ ವಾರವೇ ಒಳಗೆ ತಂದಂತೆ. ಧೂಳು ಕೂರಲು ಸಮಯವೇ ಇಲ್ಲ. ಜೊತೆಗೆ ರಕ್ತ ಹಾಕಿಸಿಕೊಂಡಿದ್ದರೆ ಅಳೆಯುತ್ತಿರುವುದು ದಾನಿಯ ಕಣಗಳನ್ನು. ಅವರಿಗೆ ಈ ಪರೀಕ್ಷೆಯನ್ನು ನೆಚ್ಚಲೇಬಾರದು.

ಒಂದು ಅರ್ಜಿಯ ಕತೆ

ಅವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಹೇಳುತ್ತಿದ್ದೇನೆ. ಮದುವೆ ಅಡುಗೆಯ ಕೆಲಸ ಮಾಡುವ ನಲವತ್ತಾರು ವರ್ಷದವರು. ಮನೆಮಾತು ಕನ್ನಡ, ತಾಯಿಯ ತವರು ಆದಿಲಾಬಾದ್ ಕಡೆ. ಸ್ಟ್ರಿಪ್ ಖರೀದಿಗೆ ನೆರವು ಕೇಳಿದ್ದರು. ಅರ್ಜಿಯ ಜೊತೆಗಿದ್ದ ಎಚ್‌ಬಿಎ1ಸಿ 6.3. ಈ ಅಂಕಿ ನೋಡಿ ಅವರ ಮಾತ್ರೆಯನ್ನು ಎರಡರಿಂದ ಒಂದಕ್ಕೆ ಇಳಿಸಲಾಗಿತ್ತು. ಬೀದರ್ ಕಡೆಯವರಾದ ಅವರ ಹೆಂಡತಿ ಮನೆಯ ಮೀಟರಿನ ಅಂಕಿಗಳನ್ನು ಮಗಳ ಶಾಲೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದು ತಂದಿದ್ದರು. "ಅಣ್ಣಾರೇ, ರಿಪೋರ್ಟ್ ಛೊಲೊ ಅದ ಅಂತಾರ. ಮಿಷಿನ್ನಾಗ ಯಾಕ ದಿನಾ ಇಷ್ಟು ಬರ್ತದ್ರಿ?" ಎಂದು ಕೇಳಿದರು.

ಆಕೆ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 140ರಿಂದ 160, ಊಟವಾದ ಎರಡು ಗಂಟೆಗೆ 210ರಿಂದ 230. 6.3ಕ್ಕೆ ಹೊಂದುವ ಸರಾಸರಿ ಸುಮಾರು 134. ಹಾಳೆಯಲ್ಲಿದ್ದ ಒಂದು ಅಂಕಿಯೂ ಅಷ್ಟು ಕೆಳಗಿರಲಿಲ್ಲ. ಎರಡರಲ್ಲಿ ಒಂದು ತಪ್ಪಿರಲೇಬೇಕು. ಅವರ ಡಾಕ್ಟರಿಗೆ ಚೀಟಿ ಬರೆದು ಹಿಮೋಗ್ಲೋಬಿನ್ ವಿಧದ ಪರೀಕ್ಷೆ ಮಾಡಿಸಿ ಎಂದು ಕೋರಿದೆವು. ಸಿಕಲ್ ಸೆಲ್ ವಾಹಕರೆಂದು ಬಂತು. ಬೋರೋನೇಟ್ ವಿಧಾನವಿರುವ ಬೇರೆ ಲ್ಯಾಬಿನಲ್ಲಿ ಎಚ್‌ಬಿಎ1ಸಿ 7.6. ಡಾಕ್ಟರು ಮಾತ್ರೆಯನ್ನು ಮೊದಲಿನಂತೆ ಮಾಡಿ ಇನ್ನೊಂದು ಸೇರಿಸಿದರು, ಕಣ್ಣಿನ ಪರೀಕ್ಷೆಗೆ ಕಳಿಸಿದರು. ರೆಟಿನಾದಲ್ಲಿ ಆರಂಭದ ಬದಲಾವಣೆ ಕಂಡಿತು. ದೃಷ್ಟಿಗೆ ಏನೂ ಆಗಿಲ್ಲ, ಈಗ ಹತೋಟಿಯಲ್ಲಿಟ್ಟರೆ ಉಳಿಯುತ್ತದೆ ಎಂದರು. 6.3 ಎಂಬ ಅಂಕಿಯನ್ನು ನಂಬಿ ಇನ್ನೂ ನಾಲ್ಕು ವರ್ಷ ಕಳೆದಿದ್ದರೆ ನಮ್ಮ ಸಮಿತಿಗೆ ಬರುತ್ತಿದ್ದ ಅರ್ಜಿ ಸ್ಟ್ರಿಪ್ಪಿಗಲ್ಲ, ಲೇಸರ್‌ಗೆ.

ಮಕ್ಕಳ ಕಾರ್ಡಿನಲ್ಲಿ ಅಪ್ಪ ಅಮ್ಮನ ಸುದ್ದಿ

ಕೇಂದ್ರ ಸರಕಾರದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾಯಿತು. ಕರ್ನಾಟಕ, ತೆಲಂಗಾಣ ಸೇರಿ 17 ರಾಜ್ಯಗಳ ಬುಡಕಟ್ಟು ಪ್ರದೇಶಗಳಲ್ಲಿ 7 ಕೋಟಿ ಜನರ ತಪಾಸಣೆ ಅದರ ಗುರಿ. ತಪಾಸಣೆಯಾದವರಿಗೆ ಅವರ ಸ್ಥಿತಿ ತಿಳಿಸುವ ಕಾರ್ಡ್ ಕೊಡುತ್ತಾರೆ. ಮುಖ್ಯ ಉದ್ದೇಶ ಮದುವೆಗೆ ಮುಂಚೆ ತಿಳಿದಿರಲಿ ಎಂಬುದು. ಯಾಕೆಂದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನೂರಕ್ಕೆ 25.

ಒಳ್ಳೆಯ ಕೆಲಸ. ಆದರೆ ಈ ತಪಾಸಣೆ 40 ವರ್ಷದವರೆಗಿನವರಿಗೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವ ಹೆಚ್ಚಿನವರು ಆ ವಯಸ್ಸು ದಾಟಿದವರು. ಹಾಗಾಗಿ ಯಾರಿಗೆ ಈ ಮಾಹಿತಿ ಸಕ್ಕರೆಯ ವಿಷಯದಲ್ಲಿ ಬೇಕೋ ಅವರ ಕೈಯಲ್ಲೇ ಕಾರ್ಡ್ ಇರುವುದಿಲ್ಲ. ಇಲ್ಲಿ ಒಂದು ಸುಲಭದ ದಾರಿಯಿದೆ. ಮಗ ಅಥವಾ ಮಗಳ ಕಾರ್ಡಿನಲ್ಲಿ ವಾಹಕ ಎಂದಿದ್ದರೆ ತಂದೆ ತಾಯಿಯಲ್ಲಿ ಒಬ್ಬರಾದರೂ ವಾಹಕರು ಅಥವಾ ಕಾಯಿಲೆಯೇ ಇರುವವರು ಎಂದು ಅರ್ಥ. ಆ ತಂದೆಗೋ ತಾಯಿಗೋ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಕಾರ್ಡನ್ನು ಸಕ್ಕರೆ ಡಾಕ್ಟರಿಗೂ ತೋರಿಸಬೇಕು. ಕಾರ್ಡ್ ಮದುವೆ ಮಾತುಕತೆಯ ದಿನಕ್ಕೆಂದು ಟ್ರಂಕಿನಲ್ಲಿ ಕೂರಬಾರದು.

ನಮ್ಮ ಊರಿನಲ್ಲಿ ಈ ವಿಷಯ ಬಲ್ಲವರಿಗೆ ಕೊರತೆಯಿಲ್ಲ. 1998ರಲ್ಲಿ ಆರಂಭವಾದ ತಲಸ್ಸೇಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿ ಶಿವರಾಂಪಲ್ಲಿಯಲ್ಲಿ ರಕ್ತ ಹಾಕುವುದು, ತಪಾಸಣೆ, ಸಲಹೆ ಎಲ್ಲವನ್ನೂ ಮಾಡುತ್ತಿದೆ. ಹಬ್ಸಿಗುಡದ ಸಿಸಿಎಂಬಿ ಸಂಸ್ಥೆ ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಿಂದ ಸಿಕಲ್ ಸೆಲ್ ಪತ್ತೆ ಮಾಡುವ ಪರೀಕ್ಷೆಯ ಮೇಲೆ ಕೆಲಸ ಮಾಡಿದೆ.

ಅಂಕಿ ತಪ್ಪಿಸುವ ಬೇರೆ ಕಾರಣಗಳು

ರಿಪೋರ್ಟಿಗೂ ಮೀಟರಿಗೂ ಜಗಳ ಬಂದ ತಕ್ಷಣ ಸಿಕಲ್ ಸೆಲ್ ಎಂದುಕೊಳ್ಳಬೇಡಿ. ಕಬ್ಬಿಣಾಂಶದ ಕೊರತೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಸಾಮಾನ್ಯ. ಅದರಿಂದ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಇಲ್ಲಿ ಅಪಾಯ ತಿರುಗುಮುರುಗು, ಅನಗತ್ಯವಾಗಿ ಔಷಧ ಏರಿಸಿ ಸಕ್ಕರೆ ಇಳಿದು ತಲೆ ಸುತ್ತಿ ಬೀಳಬಹುದು. ಬಿ12 ಕೊರತೆಯಲ್ಲೂ ಹೀಗೆಯೇ. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್‌ನವರು ರಕ್ತ ಹೆಚ್ಚಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ಗರ್ಭಿಣಿಯಾಗಿದ್ದರೆ ಅಂಕಿಯನ್ನು ಎಚ್ಚರದಿಂದ ಓದಬೇಕು.

ಮೀಟರ್ ಕೂಡ ದೇವರಲ್ಲ. ಅಂತರರಾಷ್ಟ್ರೀಯ ಮಾನದಂಡದಂತೆ ಒಳ್ಳೆಯ ಮೀಟರಿನ ನೂರಕ್ಕೆ 95 ಅಂಕಿಗಳು ಲ್ಯಾಬಿನ ಅಂಕಿಯಿಂದ ಶೇಕಡಾ 15ರೊಳಗೆ ಇರಬೇಕು. ನೂರಕ್ಕಿಂತ ಕಡಿಮೆ ಅಂಕಿಗಳಲ್ಲಿ 15 ಮಿಲಿಗ್ರಾಂನೊಳಗೆ. ಅಂದರೆ ನಿಜ 200 ಇದ್ದರೆ 170ರಿಂದ 230ರವರೆಗೆ ತೋರಿಸಿದರೂ ಅದು ಪಾಸು. ಸೀತಾಫಲ ತಿಂದ ಕೈಯನ್ನು ತೊಳೆಯದೆ ಚುಚ್ಚಿದರೆ ಹಣ್ಣಿನ ಸಕ್ಕರೆಯನ್ನೇ ಅಳೆಯುತ್ತದೆ. ತೀವ್ರ ರಕ್ತಹೀನತೆ ಇದ್ದರೆ ಕೆಲವು ಮೀಟರುಗಳು ಹೆಚ್ಚು ತೋರಿಸುತ್ತವೆ. ಆದ್ದರಿಂದ ಒಂದು ಅಂಕಿಯನ್ನಲ್ಲ, ಹತ್ತು ಹದಿನೈದು ದಿನದ ಅಂಕಿಗಳನ್ನು ಸಾಲಾಗಿ ನೋಡಬೇಕು.

ಮಾಡಬೇಕಾದದ್ದು ಇಷ್ಟು

ಒಂದು. ಎಚ್‌ಬಿಎ1ಸಿ ಮಾಡಿಸುವ ಮುಂಚಿನ ಎರಡು ವಾರ ಮನೆಯಲ್ಲಿ ಬೇರೆ ಬೇರೆ ದಿನ ಖಾಲಿ ಹೊಟ್ಟೆಯಲ್ಲಿ ಮತ್ತು ಊಟವಾದ ಎರಡು ಗಂಟೆಗೆ ನೋಡಿ, ದಿನಾಂಕ ಹಾಕಿ ಬರೆದಿಡಿ. ಸಂಜೆಯ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತಿನ ದಿನವನ್ನೂ ಬಿಡದೆ ಬರೆಯಿರಿ. ಹೆಚ್ಚಿನ ವಯಸ್ಕರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ನಂತರ 180ರೊಳಗೆ ಎಂಬುದು ಸಾಮಾನ್ಯ ಗುರಿ. ತಮಗೆ ಎಷ್ಟಿರಬೇಕೆಂದು ಡಾಕ್ಟರು ಹೇಳುತ್ತಾರೆ.

ಎರಡು. ರಿಪೋರ್ಟ್ ಮತ್ತು ಆ ಹಾಳೆ ಎರಡನ್ನೂ ಒಟ್ಟಿಗೆ ಡಾಕ್ಟರ ಮುಂದಿಡಿ. ಎರಡೂ ಹೊಂದದಿದ್ದರೆ ಹೀಗೇಕೆ ಎಂದು ಕೇಳಿ. ಕೇಳುವುದು ಅವಿಧೇಯತೆಯಲ್ಲ.

ಮೂರು. ಕುಟುಂಬದಲ್ಲಿ ಸಿಕಲ್ ಸೆಲ್ ಇದ್ದರೆ ಅಥವಾ ಮೇಲೆ ಹೇಳಿದ ಸೀಮೆಗಳಿಂದ ಬಂದವರಾದರೆ ಹಿಮೋಗ್ಲೋಬಿನ್ ವಿಧ ತಿಳಿಸುವ ಪರೀಕ್ಷೆ ಮಾಡಿಸಿ. ಅದು ಜೀವನದಲ್ಲಿ ಒಮ್ಮೆ ಸಾಕು, ಉತ್ತರ ಬದಲಾಗುವುದಿಲ್ಲ.

ನಾಲ್ಕು. ವಾಹಕರೆಂದು ತಿಳಿದರೆ ಲ್ಯಾಬಿನಲ್ಲಿ ಎರಡೇ ಪ್ರಶ್ನೆ ಕೇಳಿ: ಯಾವ ವಿಧಾನ? ಅದಕ್ಕೆ ಎಸ್ ಅಡ್ಡ ಬರುತ್ತದೆಯೇ? ಆಮೇಲೆ ಪ್ರತಿ ಸಲವೂ ಅದೇ ಲ್ಯಾಬಿನಲ್ಲಿ ಮಾಡಿಸಿ. ಕಾಯಿಲೆ ಇದೆಯೋ ಇಲ್ಲವೋ ಎಂದು ಮೊದಲ ಸಲ ತೀರ್ಮಾನಿಸುವಾಗ ಲ್ಯಾಬಿನ ರಕ್ತಸಕ್ಕರೆಯೇ ಮೇಲು: ಖಾಲಿ ಹೊಟ್ಟೆಯಲ್ಲಿ 126, ಗ್ಲುಕೋಸ್ ಕುಡಿದ ಎರಡು ಗಂಟೆಗೆ 200 ಅದರ ಗಡಿ.

ಐದು. ಎಚ್‌ಬಿಎ1ಸಿ ನೆಚ್ಚಲಾಗದವರಿಗೆ ಡಾಕ್ಟರು ಫ್ರಕ್ಟೋಸಮೈನ್ ಪರೀಕ್ಷೆ ಬರೆಯಬಹುದು. ಅದು ಹಿಮೋಗ್ಲೋಬಿನ್ ಬದಲು ರಕ್ತದ್ರವದ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆದು ಎರಡು ಮೂರು ವಾರದ ಸುದ್ದಿ ಹೇಳುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ಇನ್ನೊಂದು ದಾರಿ, ಆದರೆ ದುಬಾರಿ.

ಆರು. ಅಂಕಿ ಏನೇ ಇರಲಿ ವರ್ಷಕ್ಕೊಮ್ಮೆ ಕಣ್ಣು, ಪಾದ, ಮೂತ್ರದ ಪರೀಕ್ಷೆ ತಪ್ಪಿಸಬೇಡಿ. ಈ ಲೇಖನ ಓದಿ ಮಾತ್ರೆಯನ್ನು ತಾವೇ ಏರಿಸುವುದು, ಇಳಿಸುವುದು ಖಂಡಿತ ಬೇಡ.

ತಮ್ಮಲ್ಲಿ ವಿನಂತಿ

ಸ್ಟ್ರಿಪ್ ಒಂದಕ್ಕೆ ಕಂಪನಿ ನೋಡಿ ಸುಮಾರು 15ರಿಂದ 25 ರೂಪಾಯಿ. ವಾರಕ್ಕೆ ನಾಲ್ಕು ಸಲ ನೋಡಿದರೂ ತಿಂಗಳಿಗೆ ಹದಿನೇಳು ಸ್ಟ್ರಿಪ್, ಮುನ್ನೂರು ನಾನ್ನೂರು ರೂಪಾಯಿಯ ಆಸುಪಾಸು. ದಿನಗೂಲಿಯ ಮನೆಯಲ್ಲಿ ಮೊದಲು ನಿಲ್ಲುವುದೇ ಈ ಖರ್ಚು. ಮೂರು ತಿಂಗಳಿಗೊಮ್ಮೆ ಒಂದು ರಿಪೋರ್ಟ್ ಸಾಕಲ್ಲ ಎಂದುಕೊಳ್ಳುತ್ತಾರೆ. ಮೇಲೆ ಹೇಳಿದವರಂಥ ಮಂದಿಗೆ ಆ ಒಂದು ರಿಪೋರ್ಟ್ ಸಾಕಾಗುವುದಿಲ್ಲ.

ಹಾಗಾಗಿ ಸಮಿತಿ ಈ ವರ್ಷದಿಂದ ಸಕ್ಕರೆ ಕಾಯಿಲೆಯ ಅರ್ಜಿಗಳ ಜೊತೆ ಎಚ್‌ಬಿಎ1ಸಿಯನ್ನಷ್ಟೇ ಅಲ್ಲದೆ ಎರಡು ವಾರದ ಮೀಟರ್ ಅಂಕಿಗಳನ್ನೂ ನೋಡುತ್ತದೆ. ಮೀಟರ್ ಇಲ್ಲದವರಿಗೆ ಸಂಘದ ಮೀಟರನ್ನು ಎರಡು ವಾರಕ್ಕೆ ಸ್ಟ್ರಿಪ್ ಸಮೇತ ಕೊಡಬೇಕೆಂದಿದ್ದೇವೆ. ಎರಡೂ ಹೊಂದದಿದ್ದರೆ ಡಾಕ್ಟರ ಸಲಹೆಯಂತೆ ಹಿಮೋಗ್ಲೋಬಿನ್ ವಿಧದ ಪರೀಕ್ಷೆಯ ಖರ್ಚನ್ನೂ ನಿಧಿಯಿಂದ ಭರಿಸುವ ಯೋಚನೆಯಿದೆ. ಇದಕ್ಕೆ ತಮ್ಮ ನೆರವು ಬೇಕು. ಹಣ ಕೊಡುವವರು ಒಬ್ಬರ ಒಂದು ವರ್ಷದ ಸ್ಟ್ರಿಪ್ ಖರ್ಚು ಎಂದು ಹೇಳಿ ಕೊಟ್ಟರೆ ಲೆಕ್ಕವನ್ನು ಹಾಗೆಯೇ ಇಡುತ್ತೇವೆ. ಮನೆಯಲ್ಲಿ ಬಳಸದೆ ಇಟ್ಟ ಮೀಟರ್ ಇದ್ದರೆ, ಅವಧಿ ಮುಗಿಯದ, ಸೀಲ್ ಒಡೆಯದ ಸ್ಟ್ರಿಪ್ ಡಬ್ಬಿಗಳಿದ್ದರೆ ಸಂಘದ ಕಚೇರಿಗೆ ತಲುಪಿಸಿ. ಲ್ಯಾಬುಗಳಲ್ಲಿ ಕೆಲಸ ಮಾಡುವ ಸದಸ್ಯರು ತಿಂಗಳಿಗೆ ಒಂದು ಭಾನುವಾರ ಬಂದು ಅರ್ಜಿದಾರರ ರಿಪೋರ್ಟ್ ಓದಿ ಹೇಳಿದರೆ ಅದೂ ದೊಡ್ಡ ದಾನವೇ.

ಕೊನೆಯದಾಗಿ, ತಮ್ಮ ಮನೆಗೆಲಸಕ್ಕೆ ಬರುವವರು, ಅಪಾರ್ಟ್‌ಮೆಂಟಿನ ಕಾವಲುಗಾರರು, ಡ್ರೈವರುಗಳು, ಇವರಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ. ರಿಪೋರ್ಟ್ ಚೆನ್ನಾಗಿದೆ, ಆದರೂ ಬಾಯಾರಿಕೆ, ಸುಸ್ತು ಹೋಗುತ್ತಿಲ್ಲ ಎಂದರೆ ಅವರನ್ನು ಡಾಕ್ಟರ ಬಳಿ ಹೋಗಲು ಹೇಳಿ, ನೆರವು ಬೇಕಿದ್ದರೆ ಅರ್ಜಿ ಬರೆದುಕೊಟ್ಟು ಸಂಘಕ್ಕೆ ಕಳಿಸಿ. ಅರ್ಜಿ ಕನ್ನಡದಲ್ಲಿರಲಿ, ತೆಲುಗಿನಲ್ಲಿರಲಿ, ಉರ್ದುವಿನಲ್ಲಿರಲಿ, ನಾವು ಓದುತ್ತೇವೆ.